ಸಹಾಯ ಬೇಕು: ಆಗುಂಬೆ ಮಳೆಯಲ್ಲಿ ಕಪ್ಪೆ ನೋಡಲು ಯಾವ ಹೆಡ್‌ಲ್ಯಾಂಪ್?

ನಮಸ್ಕಾರ. 6500 ಕೆಲ್ವಿನ್ (ನೀಲಿ ಛಾಯೆಯ ಬಿಳುಪು), ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ, ಗರಿಷ್ಠ 100) 70ರ ಬೆಳಕಿನಲ್ಲಿ ಕೆಂಪು, ಕಂದು ಎರಡೂ ಮಂಕಾಗುತ್ತವೆ; ತರಗೆಲೆ ಮೇಲೆ ಮಲಗಿದ ಗುಳಿಮಂಡಲ ಹಾವು ಕಣ್ಣಿಗೆ ಬೀಳುವುದೇ ಕಷ್ಟ. ಹಾಗಾಗಿ 4000–4500 ಕೆಲ್ವಿನ್, ಸಿಆರ್‌ಐ 90ಕ್ಕಿಂತ ಹೆಚ್ಚು, ಆರ್‌9 (ಕಡುಗೆಂಪನ್ನು ತೋರಿಸುವ ಅಂಕ) ಕನಿಷ್ಠ 50 ಬೇಕೇ ಬೇಕು. ನಿಚಿಯಾ ಕಂಪನಿಯ 519ಎ ಎಲ್‌ಇಡಿ ಆದರೆ ಒಳ್ಳೆಯದು, ಲ್ಯೂಮೆನ್ (ಬೆಳಕಿನ ಪ್ರಮಾಣ) ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಹಸಿರು ಛಾಯೆ ಮಾತ್ರ ಬೇಡ. ಕೆಲವು ಎಲ್‌ಇಡಿಗಳಲ್ಲಿ ಬೆಳಕು ತಗ್ಗಿಸಿದಾಗ ಆ ಛಾಯೆ ಹೆಚ್ಚುತ್ತದೆ.

ಗೊಂದಲವಿರುವುದು ಗಾತ್ರದಲ್ಲಿ. 18650 ಸೆಲ್ಲಿನದು (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ರೀಚಾರ್ಜ್ ಸೆಲ್) ಹೆಚ್ಚು ಹೊತ್ತು ಬಾಳುತ್ತದೆ, ಆದರೆ ನೆತ್ತಿಯ ಮೇಲಿನ ಪಟ್ಟಿ ಇಲ್ಲದಿದ್ದರೆ ಬಗ್ಗಿದಾಗ ಜಾರುತ್ತದೆ. 18350ರದು (ಅದೇ ದಪ್ಪ, 35 ಮಿ.ಮೀ. ಉದ್ದ) ಹಗುರ, ಸಾಮರ್ಥ್ಯ ಸುಮಾರು ಮೂರನೇ ಒಂದು ಭಾಗ. ಮಂಜಿನಲ್ಲಿ ಹಣೆಯ ಬೆಳಕು ಕಣ್ಣಿಗೇ ವಾಪಸ್ ಹೊಡೆಯುವುದರಿಂದ, ಕಳಚಿ ಸೊಂಟದ ಮಟ್ಟಕ್ಕೆ ಹಿಡಿಯಲು ಬರಬೇಕು. ಎರಡನ್ನೂ ಮಳೆಯಲ್ಲಿ ಬಳಸಿದವರು ದಯವಿಟ್ಟು ಮಾಡೆಲ್ ಹೆಸರು, ಸೆಲ್ ಸೇರಿ ತೂಕ ತಿಳಿಸಿ.