ಆಸಿಡ್ ಹಾಕಿ ತೆಳು ಮಾಡಿದ ಸ್ಟಾರ್ಚ್ ಅಂಟು ಆರಿದ ಮೇಲೆ ಗಡ್ಡೆ ಕಟ್ಟುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಕಾಗದಕ್ಕೆ ಬಳಿಯಲು ತೆಳು ಅಂಟು ಬೇಕಿತ್ತು. ಮೆಕ್ಕೆಜೋಳದ ಸ್ಟಾರ್ಚನ್ನು ನೀರಲ್ಲಿ ಕದಡಿ, ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ 50 ಡಿಗ್ರಿಯಲ್ಲಿ ಆರು ಗಂಟೆ ಇಟ್ಟೆ. ಆಮೇಲೆ ಸೋಡಾದಿಂದ ಆಸಿಡ್ ಮುರಿದು, ತೊಳೆದು ಒಣಗಿಸಿದೆ. ಬೇಯಿಸಿದಾಗ ಹಾಲಿನಷ್ಟು ತೆಳು, ಕುಂಚ ಸಲೀಸಾಗಿ ಓಡುತ್ತೆ. ಬೆಳಿಗ್ಗೆ ನೋಡಿದರೆ ಬಿಳಿ ಗಡ್ಡೆ, ಅಂಚಿನಲ್ಲಿ ನೀರು ಬಿಟ್ಟಿದೆ. ಚಾಕುವಿನಲ್ಲಿ ಕೊಯ್ಯಬಹುದು. ಆಸಿಡ್ ಇನ್ನೂ ಹೆಚ್ಚು ಹಾಕಬೇಕಾ?

ಉತ್ತರ:
ಬೇಡ ಸರ್. ನೀವು ಮಾಡಿದ್ದರಲ್ಲಿ ತಪ್ಪಿಲ್ಲ, ಆದರೆ ಈ ಕೆಲಸಕ್ಕೆ ಆ ವಿಧಾನ ಒಗ್ಗಲ್ಲ. ಆಸಿಡ್ ಸ್ಟಾರ್ಚಿನ ಅಣುಗಳ ಸರಪಳಿಗಳನ್ನು ತುಂಡು ಮಾಡುತ್ತೆ, ಅದಕ್ಕೇ ಬಿಸಿಯಲ್ಲಿ ತೆಳು. ಮೆಕ್ಕೆಜೋಳದ ಸ್ಟಾರ್ಚಿನಲ್ಲಿ ಸುಮಾರು ಕಾಲು ಭಾಗ ಅಮೈಲೋಸ್, ಅಂದರೆ ಉದ್ದನೆಯ ನೇರ ಸರಪಳಿ. ತುಂಡಾದವು ಇನ್ನೂ ಸುಲಭವಾಗಿ ಸರಿದಾಡಿ, ಆರುತ್ತಿದ್ದ ಹಾಗೆ ಒಂದರ ಪಕ್ಕ ಒಂದು ಕೂತು ಬಿಗಿಯುತ್ತವೆ. ನಡುವಿನ ನೀರು ಹೊರಬೀಳುತ್ತೆ. ನೀವು ಅಂಚಿನಲ್ಲಿ ಕಂಡದ್ದು ಅದೇ ನೀರು. ಜಗಿಯುವ ಮಿಠಾಯಿ ತಯಾರಿಸುವವರು ಆಸಿಡ್ ಸ್ಟಾರ್ಚ್ ಬಳಸುವುದು ಈ ಗಟ್ಟಿಯಾಗುವ ಗುಣಕ್ಕಾಗಿಯೇ.

ನಿಮಗೆ ಬೇಕಿರುವುದು ಆಕ್ಸಿಡೈಸ್ ಮಾಡಿದ ಸ್ಟಾರ್ಚ್. ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣದಲ್ಲಿರುವ ರಾಸಾಯನಿಕ, ಸರಪಳಿ ಕತ್ತರಿಸುವುದರ ಜೊತೆಗೆ ಅಲ್ಲಲ್ಲಿ ಕಾರ್ಬಾಕ್ಸಿಲ್ ಎಂಬ ಆಮ್ಲದ ಗುಂಪು ಕೂರಿಸುತ್ತೆ. ಅದು ಗಾತ್ರದಲ್ಲೂ ದೊಡ್ಡದು, ಋಣ ಆವೇಶವೂ ಇದೆ, ಹಾಗಾಗಿ ಸರಪಳಿಗಳು ಒತ್ತಿಕೊಳ್ಳುವುದು ಕಷ್ಟ. ಈ ಕ್ರಿಯೆ 30ರಿಂದ 40 ಡಿಗ್ರಿಯಲ್ಲಿ, ಪಿಎಚ್ (ಆಮ್ಲ-ಕ್ಷಾರದ ಅಳತೆ) 8ರಿಂದ 10ರೊಳಗೆ ನಡೆಯಲಿ. ಹೊಸ ಸ್ಟಾರ್ಚ್, ತೊಳೆದ ಪಾತ್ರೆಯಲ್ಲೇ ಶುರು ಮಾಡಿ. ಆಸಿಡ್ ಉಳಿದಿರುವಲ್ಲಿ ಹೈಪೋಕ್ಲೋರೈಟ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತೆ. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ.

ಪ್ರಶ್ನೆ (ಮೂರು ದಿನದ ಮೇಲೆ):
ಹಾಗೇ ಮಾಡಿದೆ. ಪಿಎಚ್ ಇಳೀತಾನೇ ಇತ್ತು, ಗಾಬರಿಯಾಗಿ ಕಾಸ್ಟಿಕ್ ಸೋಡಾ ದ್ರಾವಣ ಒಟ್ಟಿಗೇ ಸುರಿದೆ. ಸುರಿದ ಜಾಗದಲ್ಲಿ ಗಾಜಿನಂಥ ಲೋಳೆ ಉಂಡೆಗಳು. ಬಟ್ಟೆಯಲ್ಲಿ ಸೋಸಲೂ ಆಗ್ತಿಲ್ಲ.

ಉತ್ತರ:
ಪಿಎಚ್ ಇಳಿದದ್ದು ಒಳ್ಳೆ ಲಕ್ಷಣ ಸರ್, ಕ್ರಿಯೆ ನಡೀತಿದೆ, ಆಮ್ಲದ ಗುಂಪುಗಳು ಹುಟ್ಟುತ್ತಿವೆ. ಗಟ್ಟಿ ಕಾಸ್ಟಿಕ್ ತಾಗಿದ ಕಡೆ ಮಾತ್ರ ಸ್ಟಾರ್ಚ್ ಕಾಯಿಸದೆಯೇ ಬೆಂದುಹೋಗುತ್ತೆ. ಆ ಉಂಡೆ ಮತ್ತೆ ಪುಡಿಯಾಗಲ್ಲ, ಈ ಸಲದ್ದು ಬಿಡಿ. ಮುಂದಿನ ಸಲ ಶೇ. 3ರ ದ್ರಾವಣವನ್ನು ಕಲಕುತ್ತಲೇ ಹನಿಹನಿಯಾಗಿ ಬಿಡಿ. ಹೈಪೋಕ್ಲೋರೈಟ್ ಕೂಡ ನಿಧಾನಕ್ಕೆ, ಕ್ರಿಯೆಯಿಂದಲೇ ಬಿಸಿ ಏರುತ್ತೆ. ಕೊನೆಗೆ ಮೊದಲು ಸೋಡಿಯಂ ಬೈಸಲ್ಫೈಟ್ ಹಾಕಿ ಉಳಿದ ಹೈಪೋಕ್ಲೋರೈಟ್ ಮುರಿಯಿರಿ, ಆಮೇಲಷ್ಟೇ ಪಿಎಚ್ 6ರ ಹತ್ತಿರ ತನ್ನಿ. ಒಂದು ಚಮಚ ಬೇರೆ ತೆಗೆದು ಪೊಟ್ಯಾಸಿಯಂ ಅಯೊಡೈಡ್ ಹನಿಸಿ ನೋಡಿ. ನೀಲಿ ಬಂದರೆ ಹೈಪೋಕ್ಲೋರೈಟ್ ಇನ್ನೂ ಉಳಿದಿದೆ.

ಪ್ರಶ್ನೆ ಕೇಳಿದವರು:
ನೀಲಿ ಬರಲಿಲ್ಲ. ನಿನ್ನೆ ಬೇಯಿಸಿಟ್ಟ ಅಂಟು ಇವತ್ತೂ ಕುಂಚದಿಂದ ದಾರದ ಹಾಗೆ ಇಳಿಯುತ್ತಿದೆ. ತುಂಬಾ ಧನ್ಯವಾದ ಸರ್.