‘ಎಚಿಂಗ್’ ಅನ್ನು ‘ಕೆತ್ತನೆ’ ಅನ್ನಬಹುದೇ?

ಗೆಳೆಯರೇ,

ಬರೋಕ್ ಕಾಲದ ಅಚ್ಚುಚಿತ್ರಗಾರ ವೆನ್ಸೆಸ್ಲಾಸ್ ಹೊಲ್ಲರ್ ಬಗ್ಗೆ ಬರೆಯುತ್ತಿದ್ದೇನೆ. ‘ಎಚಿಂಗ್’ (ಆಮ್ಲದಿಂದ ತಗಡಿನಲ್ಲಿ ಗೆರೆ ಮೂಡಿಸಿ, ಆ ಗೆರೆಗೆ ಮಸಿ ತುಂಬಿ ಕಾಗದಕ್ಕೆ ಒತ್ತುವ ವಿಧಾನ) ಅನ್ನೋ ಒಂದೇ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ತಿಳಿಯದೆ ಕೈ ನಿಂತುಬಿಟ್ಟಿದೆ.

ಹೊಲ್ಲರ್ 1607ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವನು. 1646ರಲ್ಲಿ, ಆಂಟ್‌ವರ್ಪ್‌ನಲ್ಲಿದ್ದಾಗ, ಹುಳಗಳದ್ದೇ 12 ಚಿತ್ರಗಳ ಕಟ್ಟೊಂದನ್ನು ಹೊರತಂದ. ಜೀರುಂಡೆ, ಚಿಟ್ಟೆ, ಪತಂಗ, ಕಂಬಳಿಹುಳು ಎಲ್ಲ ಇವೆ. ಚಿಟ್ಟೆಯ ರೆಕ್ಕೆ ಮುಟ್ಟಿದರೆ ಬೆರಳಿಗೆ ಪುಡಿ ಅಂಟೀತು ಅನ್ನಿಸುತ್ತದೆ, ಅಷ್ಟು ನಯ. ಇಂಥವನ್ನು ‘ತಾಮ್ರದ ಕೆತ್ತನೆ’ ಎಂದು ಬರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ಯಾಕೆಂದರೆ ಎಚಿಂಗ್‌ನಲ್ಲಿ ಕೈ ತಾಮ್ರವನ್ನು ಕೆತ್ತುವುದಿಲ್ಲ. ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಆ ಲೇಪವನ್ನಷ್ಟೇ ಗೀರುತ್ತಾರೆ. ಆಮೇಲೆ ಆಮ್ಲ ಹಾಕಿದರೆ ಗೀರಿದ ಕಡೆ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ಸ್ವಲ್ಪ ಹೊತ್ತಿಗೇ ತೆಗೆದರೆ ಕೂದಲೆಳೆಯಂಥ ಗೆರೆ, ಹುಳದ ಮೀಸೆಗೆ ಸರಿ. ಅಷ್ಟು ಭಾಗಕ್ಕೆ ವಾರ್ನಿಷ್ ಬಳಿದು ಮುಚ್ಚಿ, ಉಳಿದದ್ದನ್ನು ಇನ್ನಷ್ಟು ಹೊತ್ತು ಆಮ್ಲಕ್ಕೆ ಬಿಟ್ಟರೆ ಆಳವಾದ ಗೆರೆ. ಅದು ಜೀರುಂಡೆಯ ಕಪ್ಪು ಬೆನ್ನಿಗೆ. ಹುಳದ ಚಿತ್ರಕ್ಕೆ ಈ ವಿಧಾನ ಅಷ್ಟು ಒಗ್ಗುವುದು ಇದರಿಂದಲೇ ಎಂದು ನನ್ನ ಅನಿಸಿಕೆ.

ಉಳಿಯಿಂದ ತಾಮ್ರವನ್ನೇ ಕೊರೆಯುವ ಎನ್‌ಗ್ರೇವಿಂಗ್ ಬೇರೆ. ಅದಕ್ಕೆ ‘ಕಂಡರಿಸು’ ಎಂಬ ಚೆಂದದ ಹಳೆಯ ಪದ ನಮ್ಮ ಶಾಸನಗಳಲ್ಲೇ ಇದೆ.

‘ಎಚ್’ ಪದದ ಬೇರು ಹುಡುಕಿದರೆ ಡಚ್ ಭಾಷೆಯ ಮೂಲಕ ಜರ್ಮನ್‌ನ ‘ಎಟ್ಸೆನ್’ ಸಿಗುತ್ತದೆ. ಅದರ ಮೂಲ ಅರ್ಥ ‘ತಿನ್ನುವಂತೆ ಮಾಡು’. ಅಂದರೆ ನಮ್ಮ ‘ತಿನ್ನಿಸು’ ಅಲ್ವಾ? ಕಬ್ಬಿಣವನ್ನು ತುಕ್ಕು ತಿಂತು, ಬಾಗಿಲನ್ನು ಗೆದ್ದಲು ತಿಂತು ಅಂತೇವೆ. ಹಾಗೇ ‘ಆಮ್ಲದಿಂದ ತಗಡನ್ನು ತಿನ್ನಿಸಿದ’ ಅಂದರೆ ಕನ್ನಡದ ಕಿವಿಗೆ ಸಹಜವಾಗೇ ಕೇಳುತ್ತದೆ.

ತೊಡಕಿರುವುದು ನಾಮಪದದಲ್ಲಿ. ‘ತಿನಿಸುಚಿತ್ರ’ ಅಂದರೆ ತಿಂಡಿಯ ಚಿತ್ರ ಅಂದುಕೊಳ್ಳುತ್ತಾರೆ. ಬರೀ ‘ಗೀರಚ್ಚು’ ಅಂದರೆ ಆಮ್ಲವಿಲ್ಲದೆ ಸೂಜಿಯಿಂದ ತಗಡನ್ನೇ ಗೀರುವ ಡ್ರೈಪಾಯಿಂಟ್‌ಗೆ ಹೆಚ್ಚು ಹೊಂದುತ್ತದೆ. ಸದ್ಯಕ್ಕೆ ‘ಆಮ್ಲಗೀರು’ ಎಂದು ಬರೆದಿಟ್ಟಿದ್ದೇನೆ. ಸೂಜಿಯ ಕೆಲಸವೂ ಆಮ್ಲದ ಕೆಲಸವೂ ಅದರಲ್ಲಿ ಬರುತ್ತವೆ.

ಅಚ್ಚುಚಿತ್ರ ಮಾಡುವವರು ಇಲ್ಲಿದ್ದರೆ ದಯವಿಟ್ಟು ಹೇಳಿ. ತಗಡನ್ನು ಆಮ್ಲಕ್ಕೆ ಬಿಡುವಾಗ ನೀವು ಬಾಯಲ್ಲಿ ಏನನ್ನುತ್ತೀರಿ? ‘ತಿನ್ನಿಸು’ ಅನ್ನುತ್ತೀರಾ, ‘ಕಚ್ಚಿಸು’ ಅನ್ನುತ್ತೀರಾ?