ವಿಲ್ಲೋ, ಗೋಯಿಂಗ್ ಟೂನೋ? ಅನುಭವ ಇದ್ದವರು ಹೇಳಿ

ಹಳೇ ಹುಬ್ಬಳ್ಳಿ ಹುಡುಗ: ಗುರುವಾರ ಬೆಂಗಳೂರಿನ ಒಂದು ಕಂಪನಿಯಿಂದ ಫೋನ್ ಸಂದರ್ಶನ ಇದೆ. ನಾನು ಓದಿದ್ದು ಕನ್ನಡ ಸಾಲಿ. ಇಂಗ್ಲಿಷಿನಲ್ಲಿ ನಾಳೆ ಮಾಡುವ ಕೆಲಸ ಹೇಳಲು ವಿಲ್, ಗೋಯಿಂಗ್ ಟು, ಐಎನ್‌ಜಿ ಮೂರೂ ಬರುತ್ತವಂತೆ. ಯಾವುದು ಎಲ್ಲಿ ಅಂತ ತಲೆ ಕೆಟ್ಟಿದೆ. ಇನ್ನು ಆರೇ ದಿನ. ಧಾರವಾಡದ ಸಪ್ತಾಪುರದಲ್ಲಿ ಇಂಗ್ಲಿಷ್ ಕ್ಲಾಸ್ ಸೇರಲಾ?

ಸಪ್ತಾಪುರ ರಿಟರ್ನ್: ಸೇರಬೇಡಿ. ನಾನು 2019ರಲ್ಲಿ ಸೇರಿ ಕೈ ಸುಟ್ಟುಕೊಂಡವನು. 60 ದಿನಕ್ಕೆ 8,500 ರೂಪಾಯಿ. ಖೋಲಿ ಬಾಡಿಗೆ ನನ್ನ ಪಾಲಿಗೆ ತಿಂಗಳಿಗೆ 1,400, ಮೆಸ್ ಬೇರೆ, ಝೆರಾಕ್ಸ್ ನೋಟ್ಸಿಗೆ 340. ಮೊದಲ 22 ದಿನ ಬರೀ ಚಾರ್ಟು ಬರೆಸಿದರು. ಐ, ವಿ ಬಂದರೆ ಶಲ್, ಉಳಿದದ್ದಕ್ಕೆ ವಿಲ್. ಬಾಯಿ ಬಿಡಿಸಲೇ ಇಲ್ಲ. ಆಮೇಲೆ ಸಂದರ್ಶನದಲ್ಲಿ 'ವಾಟ್ ಆರ್ ಯು ಡೂಯಿಂಗ್ ದಿಸ್ ಸಂಡೇ' ಅಂದರು. ನನ್ನ ಕಿವಿಗೆ ಡೂಯಿಂಗ್ ಒಂದೇ ಬಿತ್ತು. ಈಗ ಏನು ಮಾಡುತ್ತಿದ್ದೀಯ ಅಂತ ಕೇಳಿದ್ದಾರೆ ಅಂದುಕೊಂಡು 'ಸಿಟಿಂಗ್, ಸರ್' ಅಂದೆ. ಆ ಕಡೆ ನಗು. ಮೊದಲೇ ಗೊತ್ತುಮಾಡಿಟ್ಟ ಕೆಲಸಕ್ಕೂ ಐಎನ್‌ಜಿ ಬರುತ್ತದೆ ಅಂತ ಆ 8,500 ನನಗೆ ಹೇಳಿಕೊಟ್ಟಿರಲಿಲ್ಲ.

ಗದಗ ಮಾಸ್ತರ್: ಶಲ್‌ಗೆ ಬೈಯಬೇಡಿ. 31 ವರ್ಷ ಅದನ್ನೇ ಕಲಿಸಿದ್ದೇನೆ. ನಮ್ಮ ಕಾಲದ ವ್ಯಾಕರಣ ಪುಸ್ತಕದಲ್ಲಿ ಇದ್ದದ್ದೇ ಹಾಗೆ. ಕರಾರುಪತ್ರ ತೆಗೆದು ನೋಡಿ, ಇವತ್ತಿಗೂ ಶಲ್ ಇರುತ್ತದೆ. ಅಲ್ಲಿ ಅದರ ಅರ್ಥ 'ಮಾಡಲೇಬೇಕು'. ನನ್ನ ಕೆಂಪು ಪೆನ್ನು ಸವೆದದ್ದು ಬೇರೆ ಕಡೆ: 'ಇಫ್ ಇಟ್ ವಿಲ್ ರೇನ್'. ಎಷ್ಟು ತಿದ್ದಿದರೂ ಮರುದಿನ ಅದೇ. ಮಳೆ ಬಂದರೆ ಅನ್ನುವಾಗ ಕನ್ನಡದ 'ಬಂದರೆ'ಯಲ್ಲಿ ಭವಿಷ್ಯತ್ ಎಲ್ಲಿದೆ? ಅಲ್ಲೂ ಬೇಡ. 'ಇಫ್ ಇಟ್ ರೇನ್ಸ್' ಅಷ್ಟೇ. ವೆನ್, ಅಂಟಿಲ್ ಬಂದಾಗಲೂ ಹೀಗೇ.

ನರ್ಸ್ ಅಕ್ಕ: ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ನಾನು ಎರಡು ಸಲ ಬರೆದೆ. ಫೀಸು, ಬಸ್ಸು, ಬೆಂಗಳೂರಿನ ಲಾಡ್ಜು ಸೇರಿ 41,000 ದಾಟಿತು. ಮಾತಿನ ಪರೀಕ್ಷೆ ಇರುವುದೇ 11ರಿಂದ 14 ನಿಮಿಷ. ಮೊದಲ ಸಲ ಎಲ್ಲದಕ್ಕೂ ವಿಲ್, ವಿಲ್ ಅಂದೆ. ಬೇಕಾದ ಅಂಕ 7, ಬಂದದ್ದು 5.5. ಆಮೇಲೆ ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಡ್ಯೂಟಿಗೆ ಹೋಗುವಾಗ ಕಂಡದ್ದನ್ನೆಲ್ಲ ಮನಸ್ಸಲ್ಲೇ ಇಂಗ್ಲಿಷಿನಲ್ಲಿ ಹೇಳಿಕೊಂಡೆ. ನವನಗರದ ಮೇಲೆ ಮೋಡ ಕಪ್ಪಾಗಿದೆ, 'ಇಟ್ಸ್ ಗೋಯಿಂಗ್ ಟು ರೇನ್'. ಗುರುತು ಕಣ್ಣೆದುರೇ ಇದೆಯಲ್ಲ. ಅಜ್ಜಿಗೆ ಚೀಲ ಎತ್ತಲು ಆಗುತ್ತಿಲ್ಲ, 'ಐ ವಿಲ್ ಹೆಲ್ಪ್ ಯು'. ಅದು ಆ ಕ್ಷಣಕ್ಕೆ ಹೊಳೆದದ್ದು. ರೈಲಿನ ವೇಳಾಪಟ್ಟಿ ಹೇಳಬೇಕಾದರೆ ವಿಲ್ಲೂ ಬೇಡ, 'ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್' ಸಾಕು. ಎರಡನೇ ಸಲ 7 ಬಂತು.

ಸಪ್ತಾಪುರ ರಿಟರ್ನ್: 41,000! ರೊಕ್ಕ ಇದ್ದವರಿಗೆ ಬಿಡಿ, ಯಾವ ಟೆನ್ಸೂ ಕಷ್ಟ ಅಲ್ಲ.

ನರ್ಸ್ ಅಕ್ಕ: ಕಿವಿಯೋಲೆ ಅಡ ಇಟ್ಟು ಕಟ್ಟಿದ್ದು. ಗೊತ್ತಿಲ್ಲದೆ ಮಾತಾಡಬೇಡಿ.

ಹಾವೇರಿ ಮೆಣಸಿನಕಾಯಿ: ನಾನು ಒಂದು ರೂಪಾಯಿ ಖರ್ಚು ಮಾಡಿಲ್ಲ. ಯೂಟ್ಯೂಬ್ ನೋಡಿ ಕಲಿತೆ. ಕನ್ನಡದಲ್ಲಿ ಫ್ಯೂಚರ್ ಟೆನ್ಸೇ ಇಲ್ಲ, ಅದಕ್ಕೇ ಇಷ್ಟು ಒದ್ದಾಟ.

ಗದಗ ಮಾಸ್ತರ್: ಇಲ್ಲವಾ? 'ಬರುವೆನು' ಏನದು ಹಾಗಾದರೆ?

ಹಾವೇರಿ ಮೆಣಸಿನಕಾಯಿ: ಮಾಸ್ತರ್ರೇ, ನಿಮ್ಮ ಮನೆಯಲ್ಲಿ 'ಊಟಕ್ಕೆ ಬರುವೆನು' ಅಂತೀರಾ? 'ನಾಳೆ ಬರ್ತೀನಿ', 'ದಿನಾ ಬರ್ತೀನಿ', ಎರಡಕ್ಕೂ ಒಂದೇ. 'ಟುಮಾರೋ ಐ ಕಮ್' ಅಂತ ಬಾಯಿಗೆ ಬರುವುದು ಅದಕ್ಕೇ.

ಗದಗ ಮಾಸ್ತರ್: ಮನೆಯಲ್ಲಿ ಆಡದಿದ್ದರೆ ಭಾಷೆಯಲ್ಲೇ ಇಲ್ಲ ಅಂದ ಹಾಗಾ? ಯೂಟ್ಯೂಬ್ ಕಲಿಸಿದ್ದು ಇಷ್ಟೇ ಅನ್ನಿ.

ಹಳೇ ಹುಬ್ಬಳ್ಳಿ ಹುಡುಗ: ಅಣ್ಣಾರೆ, ಅಕ್ಕಾರೆ, ಗುರುವಾರ ಬಂದೇ ಬಿಡುತ್ತದೆ. ಕ್ಲಾಸ್ ಸೇರಲಾ, ಬೇಡವಾ?

ಸಪ್ತಾಪುರ ರಿಟರ್ನ್: ಸೇರಿದರೆ ಖೋಲಿ ಡಿಪಾಜಿಟ್ಟಿಗೆ ಚೀಟಿ ಬರೆಸಿಕೊಳ್ಳಿ. ನನ್ನ 5,000 ಇನ್ನೂ ಬಂದಿಲ್ಲ. 'ಬರೋ ವಾರ ಕೊಡ್ತೀನಿ' ಅಂತ ಮಾಲೀಕರು ಅಂದದ್ದು 2019ರಲ್ಲಿ.

ಹಾವೇರಿ ಮೆಣಸಿನಕಾಯಿ: ಅದು ವಿಲ್ಲೋ, ಗೋಯಿಂಗ್ ಟೂನೋ?

ಸಪ್ತಾಪುರ ರಿಟರ್ನ್: ನಗಿ. ಹೋದದ್ದು ನಿಮ್ಮ 5,000 ಅಲ್ಲವಲ್ಲ.